ಯಾರ ಮಕ್ಕಳಿಗೆ ಯಾವ ಕೆಲಸ? : ಕಾರ್ಮಿಕ ಸಂಘ ಮತ್ತು ಸಮಾನಾವಕಾಶದ ಚರಿತ್ರೆ

1

ಕನ್ನಡದ ದಲಿತ ವಿಮರ್ಶೆ ಬಾವಿ, ದೇವಸ್ಥಾನ, ಹೋಟೆಲು, ಹಾಸ್ಟೆಲು, ಜೀತ, ಜಮೀನು ಇವುಗಳ ಬಗ್ಗೆ ಬಹಳ ಮಾತಾಡಿದೆ. ಕಾರ್ಖಾನೆಯ ಗೇಟಿನ ಬಗ್ಗೆ ಅಷ್ಟಾಗಿ ಮಾತಾಡಿಲ್ಲ. ದಲಿತನಿಗೆ ಸಿಕ್ಕ ಕೆಲಸ ಎಂದರೆ ನಮ್ಮ ಸಾಹಿತ್ಯದಲ್ಲಿ ಒಂದೋ ಗೌಡರ ಮನೆಯ ಜೀತ, ಇಲ್ಲವೇ ಸರ್ಕಾರಿ ನೌಕರಿ. ಅರವಿಂದ ಮಾಲಗತ್ತಿಯವರ 1994ರ ಆತ್ಮಕಥನದ ಹೆಸರೇ 'ಗೌರ್ಮೆಂಟ್ ಬ್ರಾಹ್ಮಣ'. ಜೀತಕ್ಕೂ ಗೌರ್ಮೆಂಟಿಗೂ ನಡುವೆ ಗಣಿ, ಗಿರಣಿ, ಮಗ್ಗ, ಗಾರ್ಮೆಂಟು, ಗುತ್ತಿಗೆ ಎಂಬ ದೊಡ್ಡ ಲೋಕವೊಂದಿದೆ. ಅಲ್ಲಿ ಲಕ್ಷಾಂತರ ದಲಿತರು ದುಡಿದು ಬದುಕಿದ್ದಾರೆ, ಸಂಘ ಕಟ್ಟಿದ್ದಾರೆ, ಮುಷ್ಕರ ಹೂಡಿದ್ದಾರೆ. ಆ ಲೋಕದಲ್ಲಿ ನಡೆದದ್ದು ಏನು ಎಂಬುದು ಈ ಲೇಖನದ ಪ್ರಶ್ನೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ದಲಿತ ಸಂಘರ್ಷ ಸಮಿತಿ 1970ರ ದಶಕದ ಮಧ್ಯಭಾಗದಲ್ಲಿ ಹುಟ್ಟಿದ್ದು ಭದ್ರಾವತಿಯಲ್ಲಿ. ಅದು ಉಕ್ಕಿನ ಊರು, ಕಾಗದದ ಊರು. ಪ್ರೊ. ಬಿ. ಕೃಷ್ಣಪ್ಪನವರು ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು. ಕಾರ್ಖಾನೆಯ ಸೈರನ್ನಿನ ಕೆಳಗೆ ಹುಟ್ಟಿದ ಚಳವಳಿ ಬೆಳೆದದ್ದು ಮಾತ್ರ ಹಳ್ಳಿಯ ಭೂಮಿಯ ಪ್ರಶ್ನೆಯ ಮೇಲೆ. ಅದಕ್ಕೆ ತಕ್ಕ ಕಾರಣಗಳಿದ್ದವು, ಅದನ್ನು ತಪ್ಪೆನ್ನಲಾಗದು. ಆದರೆ ಕಾರ್ಖಾನೆಯ ಪ್ರಶ್ನೆಯನ್ನು ಎಡಪಕ್ಷಗಳ ಸಂಘಗಳಿಗೆ ಬಿಟ್ಟು, ಕೇರಿಯ ಪ್ರಶ್ನೆಯನ್ನು ದಲಿತ ಸಂಘಟನೆಗಳಿಗೆ ಬಿಟ್ಟು, ನಾವು ನಾವೇ ಒಂದು ಗಡಿ ಹಾಕಿಕೊಂಡೆವು. ಆ ಗಡಿಯ ಎರಡೂ ಕಡೆ ಬದುಕಿದ ದುಡಿಮೆಗಾರನ ಕತೆ ಯಾರ ಪಾಲಿಗೂ ಬರದೇ ಹೋಯಿತು.

ನಾನು ದೊಡ್ಡಬಳ್ಳಾಪುರ ತಾಲ್ಲೂಕಿನವನು, ಇತಿಹಾಸದ ಉಪನ್ಯಾಸಕ. ಡಿ.ಆರ್. ನಾಗರಾಜ್ ಈ ಊರಿನವರು. ಕುಶಲಕರ್ಮಿ ಸಮುದಾಯಗಳ ತಂತ್ರಜ್ಞಾನ ನಾಶವಾದದ್ದನ್ನೂ ದಲಿತ ಚಳವಳಿಯನ್ನೂ ಜೊತೆಗಿಟ್ಟು ಯೋಚಿಸಬೇಕೆಂದು ವಾದಿಸಿದವರು. ಇಲ್ಲಿ ಕೂತು ಯೋಚಿಸುವವನಿಗೆ ಕೆಲಸದ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವ ದಾರಿ ಇಲ್ಲ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಮಿಕ ಸಂಘ ಗೇಟಿನೊಳಗಿದ್ದವರ ಕೂಲಿಯನ್ನು ಸಮ ಮಾಡಿದೆ, ಇದು ಸಣ್ಣ ಸಾಧನೆಯಲ್ಲ. ಆದರೆ ಗೇಟಿನೊಳಕ್ಕೆ ಯಾರು ಬರಬೇಕು, ಬಂದವರು ಯಾವ ಕೆಲಸಕ್ಕೆ ನಿಲ್ಲಬೇಕು ಎಂಬುದನ್ನು ಅದು ಬಹುಕಾಲ ಹುಟ್ಟಿಗೇ ಬಿಟ್ಟುಬಿಟ್ಟಿತ್ತು. ಹುಟ್ಟಿನ ಆ ಕೊಂಡಿ ಕಡಿದದ್ದು ದಲಿತರೂ ಹೆಂಗಸರೂ ತಮ್ಮ ಪ್ರಶ್ನೆಯನ್ನು ಸಂಘದ ಒಳಕ್ಕೇ ತಂದಾಗ.

2

ಹುಟ್ಟಿನಿಂದ ಬರುವ ಕೆಲಸ ಎಂದರೇನು ಅಂತ ನಮ್ಮ ಕಡೆಯ ಹಳ್ಳಿಗರಿಗೆ ಹೇಳಿಕೊಡಬೇಕಾಗಿಲ್ಲ. ತೋಟಿ, ತಳವಾರ, ನೀರುಗಂಟಿ, ಕುಳವಾಡಿ ಇವೆಲ್ಲ ಊರಿನ ಕೆಲಸಗಳೂ ಹೌದು, ಮನೆತನಗಳ ಹೆಸರೂ ಹೌದು. ನಮ್ಮ ತಾತ ತೋಟಿಕೆ ಮಾಡಿದವರು. ಸತ್ತ ದನ ಎಳೆಯುವುದು, ಸಾವಿನ ಸುದ್ದಿ ಮುಟ್ಟಿಸುವುದು, ಡಂಗೂರ ಹೊಡೆಯುವುದು, ಕಂದಾಯದ ಸಾಹೇಬರು ಬಂದರೆ ಹಿಂದೆ ಮುಂದೆ ಓಡುವುದು. ಇದಕ್ಕೆ ಅರ್ಜಿ ಹಾಕಿದವರಿಲ್ಲ, ರಾಜೀನಾಮೆ ಕೊಟ್ಟವರೂ ಇಲ್ಲ. ಅಪ್ಪ ಸತ್ತರೆ ಮಗ. ಅಷ್ಟೇ.

ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗದಲ್ಲಿ ಸಮಾನಾವಕಾಶ ಕೊಡುವಾಗ ಧರ್ಮ, ಜನಾಂಗ, ಜಾತಿ, ಲಿಂಗಗಳ ಜೊತೆಗೆ 'ವಂಶ' ಎಂಬ ಮಾತನ್ನೂ ಸೇರಿಸಿದೆ. ನಮ್ಮಲ್ಲಿ ಬಹಳ ಮಂದಿ ಅದನ್ನು ಗಮನಿಸಿಯೇ ಇಲ್ಲ. ಆಂಧ್ರದ ಒಂದು ಹಳ್ಳಿಯ ಮುನಸೀಫ್ ಹುದ್ದೆಯ ವಿಚಾರದಲ್ಲಿ ಸುಪ್ರೀಂ ಕೋರ್ಟು 1960ರಲ್ಲಿ ಇದೇ ಮಾತನ್ನು ಹಿಡಿದು, ಇಂಥವರ ಮಗ ಎಂಬ ಕಾರಣಕ್ಕೆ ಹುದ್ದೆ ಕೊಡಲಾಗದು ಎಂದಿತು. ನಮ್ಮ ರಾಜ್ಯದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ, ತೋಟಿಕೆ ಎಲ್ಲವನ್ನೂ ಕಾಗದದ ಮೇಲೆ ಮುಗಿಸಿತು.

ಪಟೇಲನ ಮಗನಿಗೆ ಪಟೇಲಿಕೆ ಹೋದರೂ ಜಮೀನು ಉಳಿಯಿತು, ಶಾನುಭೋಗರ ಮಗನಿಗೆ ಅಕ್ಷರ ಉಳಿಯಿತು. ತೋಟಿಯ ಮಗನಿಗೆ ಉಳಿದದ್ದು ಅದೇ ಕೆಲಸ, ಬೇರೆ ಹೆಸರಿನಲ್ಲಿ. ಪಟ್ಟಣಗಳ ಪುರಸಭೆಗಳಲ್ಲಿ ಕಸ ಗುಡಿಸುವವರು, ಚರಂಡಿ ತೆಗೆಯುವವರು ಯಾವ ಕೇರಿಗಳಿಂದ ಬಂದರು ಎಂದು ನೋಡಿದರೆ ಸಾಕು. ಎಷ್ಟೋ ಊರುಗಳಲ್ಲಿ ಅವರನ್ನು ಕರೆಯುತ್ತಿದ್ದದ್ದೂ ತೋಟಿಗಳು ಎಂದೇ. ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ನೋಡಿಕೊಂಡ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದೇ ಬಸವಲಿಂಗಪ್ಪ 1973ರಲ್ಲಿ ಬೂಸಾ ಮಾತಿಗಾಗಿ ಮಂತ್ರಿಗಿರಿ ಕಳೆದುಕೊಂಡರು. ಸಾಹಿತ್ಯದ ಚರ್ಚೆಯಲ್ಲಿ ನಾವು ಬೂಸಾ ಮಾತನ್ನು ನೆನೆದಷ್ಟು ಮಲದ ಬುಟ್ಟಿಯ ಆದೇಶವನ್ನು ನೆನೆದಿಲ್ಲ ಎಂಬುದು ನಮ್ಮ ವಿಮರ್ಶೆಯ ಬಗ್ಗೆಯೂ ಒಂದು ಮಾತನ್ನು ಹೇಳುತ್ತದೆ.

3

ಕಾರ್ಖಾನೆ ಬಂದರೆ ಜಾತಿ ಹೋಗುತ್ತದೆ ಎಂಬ ನಂಬಿಕೆ ಒಂದು ಕಾಲಕ್ಕೆ ಬಲವಾಗಿತ್ತು. ಆ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟದ್ದು ಮುಂಬೈಯ ಬಟ್ಟೆ ಗಿರಣಿಗಳ ನೇಯ್ಗೆ ವಿಭಾಗ. ಲಾಳಿಯಲ್ಲಿ ಉಂಡೆ ಮುಗಿದಾಗ ಹೊಸ ನೂಲಿನ ಎಳೆಯನ್ನು ಬಾಯಿಂದ ಹೀರಿ ತೂತಿನಿಂದ ಎಳೆಯಬೇಕಾಗಿತ್ತು. ಒಬ್ಬನ ಎಂಜಲು ಇನ್ನೊಬ್ಬನ ಬಾಯಿಗೆ ಹೋಗುತ್ತದೆ ಎಂದು ಸವರ್ಣ ನೇಕಾರರು ಅಸ್ಪೃಶ್ಯರನ್ನು ಆ ವಿಭಾಗಕ್ಕೆ ಸೇರಿಸಲಿಲ್ಲ. ಹೆಚ್ಚು ಕೂಲಿ ಬರುತ್ತಿದ್ದದ್ದು ಅದೇ ವಿಭಾಗದಲ್ಲಿ. ಅಸ್ಪೃಶ್ಯರಿಗೆ ಉಳಿದದ್ದು ಕಡಿಮೆ ಕೂಲಿಯ ಬೇರೆ ವಿಭಾಗಗಳು. 1928ರ ದೊಡ್ಡ ಮುಷ್ಕರದಲ್ಲಿ ಅಂಬೇಡ್ಕರ್ ಕಮ್ಯುನಿಸ್ಟ್ ಮುಖಂಡರನ್ನು ಕೇಳಿದ್ದು ಒಂದೇ ಮಾತು: ನಿಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಇದು ಯಾಕಿಲ್ಲ? ಮುಖಂಡರು ಮೊದಲು ಹಿಂಜರಿದರು, ಆಮೇಲೆ ಒಲ್ಲದ ಮನಸ್ಸಿನಿಂದ ಸೇರಿಸಿದರು. ಮಾಲೀಕನ ವಿರುದ್ಧ ಬೇಡಿಕೆ ಇಡುವುದು ಅವರಿಗೆ ಸುಲಭ. ಪಕ್ಕದ ಮಗ್ಗದವನ ವಿರುದ್ಧ ಬೇಡಿಕೆ ಇಡುವುದು ಕಷ್ಟ.

1938ರ ಫೆಬ್ರವರಿಯಲ್ಲಿ ಮನ್ಮಾಡಿನಲ್ಲಿ ಜಿ.ಐ.ಪಿ. ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನ ನಡೆಯಿತು. ದುಡಿಯುವವರಿಗೆ ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎಂಬ ಎರಡು ಶತ್ರುಗಳಿವೆ ಎಂದು ಅಂಬೇಡ್ಕರ್ ಹೇಳಿದ್ದು ಅಲ್ಲೇ. ಆ ಮಾತನ್ನು ನಾವು ಪೋಸ್ಟರುಗಳಲ್ಲಿ ಬರೆದಿದ್ದೇವೆ. ಅದೇ ಭಾಷಣದಲ್ಲಿ ಅವರು ಕೊಟ್ಟ ಉದಾಹರಣೆ ಮಾತ್ರ ಮರೆತುಹೋಗಿದೆ. ದಲಿತನು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಸೇರಿದರೆ ಗ್ಯಾಂಗ್‌ಮನ್ ಆಗಿಯೇ ಮುಗಿಯುತ್ತಾನೆ, ಸ್ಟೇಷನ್ನಿನ ಪೋರ್ಟರ್ ಕೂಡ ಆಗಲಾರ. ಯಾಕೆಂದರೆ ಸ್ಟೇಷನ್ ಮಾಸ್ತರರು ಪೋರ್ಟರನನ್ನು ತಮ್ಮ ಮನೆಗೆಲಸಕ್ಕೂ ಬಳಸುತ್ತಾರೆ, ದಲಿತನಾದರೆ ಮನೆಯೊಳಗೆ ಬಿಟ್ಟುಕೊಳ್ಳುವ ಹಾಗಿಲ್ಲ! ಸಾಹೇಬರ ಮನೆಯ ಮಡಿ ರೈಲ್ವೆಯ ಬಡ್ತಿಯನ್ನು ತೀರ್ಮಾನಿಸುತ್ತದೆ. ಇದಕ್ಕಿಂತ ಸ್ಪಷ್ಟವಾಗಿ ಜಾತಿ ಮತ್ತು ಉದ್ಯೋಗದ ಸಂಬಂಧವನ್ನು ಯಾರೂ ಹೇಳಿಲ್ಲ.

ಅಂಬೇಡ್ಕರ್ ಸಂಘಗಳ ವಿರೋಧಿ ಎಂದು ಇದರಿಂದ ತಿಳಿಯಬಾರದು. 1936ರಲ್ಲಿ ಅವರು ಕಟ್ಟಿದ ಪಕ್ಷದ ಹೆಸರೇ ಸ್ವತಂತ್ರ ಕಾರ್ಮಿಕ ಪಕ್ಷ. 1938ರ ನವೆಂಬರ್‌ನಲ್ಲಿ ಮುಷ್ಕರದ ಹಕ್ಕಿಗೆ ಕತ್ತರಿ ಹಾಕುವ ಮಸೂದೆಯ ವಿರುದ್ಧ ಕಮ್ಯುನಿಸ್ಟರ ಜೊತೆಗೇ ಬೀದಿಗಿಳಿದರು. ವೈಸ್‌ರಾಯರ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, 1943ರಲ್ಲಿ, ಮಾಲೀಕರು ಸಂಘಗಳಿಗೆ ಕಡ್ಡಾಯವಾಗಿ ಮಾನ್ಯತೆ ಕೊಡಬೇಕೆಂಬ ತಿದ್ದುಪಡಿ ಮಸೂದೆ ತಂದರು. ಅವರಿಗೆ ಸಂಘ ಬೇಕಿತ್ತು. ತನ್ನ ಸದಸ್ಯನನ್ನೂ ಪ್ರಶ್ನಿಸುವ ಧೈರ್ಯವಿರುವ ಸಂಘ ಬೇಕಿತ್ತು.

4

ಈಗ ನಮ್ಮ ನಾಡಿಗೆ ಬರೋಣ. ಹೊಸಕೋಟೆ ದಾಟಿ ಪೂರ್ವಕ್ಕೆ ಹೋದರೆ ಕೋಲಾರ, ಅಲ್ಲಿಂದ ಮುಂದೆ ಚಿನ್ನದ ಗಣಿ. ಜಾನ್ ಟೇಲರ್ ಕಂಪನಿ 1880ರ ದಶಕದಿಂದ ನಡೆಸಿದ ಈ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಮೈಸೂರಿನ ಆಧುನಿಕತೆಯ ಹೆಮ್ಮೆಯ ಕತೆಯಲ್ಲಿ ಇದು ತಪ್ಪದೆ ಬರುತ್ತದೆ. ಆ ವಿದ್ಯುತ್ತಿನ ಬೆಳಕಿನ ಕೆಳಗೆ ಸಾವಿರಾರು ಅಡಿ ಆಳಕ್ಕೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು ಮುಂತಾದ ಕಡೆಯಿಂದ ಬಂದ ಆದಿದ್ರಾವಿಡರು ಎಂಬುದು ಅಷ್ಟಾಗಿ ಬರುವುದಿಲ್ಲ. ಮೇಲುಸ್ತುವಾರಿ ಯುರೋಪಿಯನ್ನರದು, ಆಂಗ್ಲೋ ಇಂಡಿಯನ್ನರದು. ಆಳದ ಕೆಲಸ ದಲಿತರದು. ಊರಿನ ಜಾತಿವ್ಯವಸ್ಥೆಯನ್ನು ಇಲ್ಲಿ ಉದ್ದಕ್ಕೆ ನಿಲ್ಲಿಸಿದ್ದರು ಎನ್ನಬಹುದು, ಮೇಲಿನಿಂದ ಕೆಳಕ್ಕೆ.

ಆದರೆ ಅಲ್ಲಿ ಇನ್ನೊಂದೂ ನಡೆಯಿತು. ಸಂಘ ಎಂಬುದು ಹುಟ್ಟುವ ಮೊದಲೇ ಅಲ್ಲಿ ಬೌದ್ಧ ಸಂಘಗಳು ಹುಟ್ಟಿದ್ದವು. ಅಯೋತ್ತಿದಾಸ ಪಂಡಿತರ 'ತಮಿಳನ್' ಪತ್ರಿಕೆಯನ್ನು ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್ ಕಡೆಯ ಗಣಿ ಕಾರ್ಮಿಕರು ಓದಿಸಿ ಕೇಳುತ್ತಿದ್ದರು, ಪುಸ್ತಕಗಳನ್ನು ಅಚ್ಚು ಹಾಕಿಸುತ್ತಿದ್ದರು. ಮನುಷ್ಯರಾಗಿ ತಲೆಯೆತ್ತುವ ಕೆಲಸ ಮೊದಲು, ಕೂಲಿಯ ಲೆಕ್ಕ ಆಮೇಲೆ. 1930ರ ಏಪ್ರಿಲ್‌ನಲ್ಲಿ ಕಂಪನಿಯು ಕಾರ್ಮಿಕರೆಲ್ಲ ಬೆರಳೊತ್ತಿ ಹೆಸರು ನೋಂದಾಯಿಸಬೇಕು ಎಂಬ ಕ್ರಮ ತಂದಾಗ ಇಡೀ ಗಣಿ ಸುಮಾರು ಮೂರು ವಾರ ನಿಂತುಹೋಯಿತು. ನೋಂದಾಯಿತ ಸಂಘ ಯಾವುದೂ ಇದಕ್ಕೆ ಕರೆ ಕೊಟ್ಟಿರಲಿಲ್ಲ. ಗಣಿ ಪ್ರದೇಶದ ಕಾನೂನುಗಳು ಕಾರ್ಮಿಕರೆಲ್ಲರನ್ನೂ ಚಿನ್ನ ಕದಿಯುವವರಂತೆ ಮೊದಲೇ ನೋಡುತ್ತಿದ್ದವು. ಹೆಬ್ಬೆರಳು ಒತ್ತುವುದೆಂದರೆ ಕಳ್ಳರ ಪಟ್ಟಿಗೆ ಸೇರಿದ ಹಾಗೆ ಎಂದು ಅವರಿಗೆ ಕಂಡಿತು. ಕೊನೆಗೆ ಕಂಪನಿ ಆ ಕ್ರಮವನ್ನು ಕೈಬಿಡಬೇಕಾಯಿತು. ಈ ಚರಿತ್ರೆಯನ್ನು ವಿವರವಾಗಿ ಹೊರತಂದದ್ದು ಜಾನಕಿ ನಾಯರ್ ಅವರ 1998ರ ಅಧ್ಯಯನ.

ಚಿನ್ನದ ಗಣಿಯ ಪಾಠ ಇಷ್ಟು: ಮಾನದ ಪ್ರಶ್ನೆ ಮತ್ತು ದುಡಿಮೆಯ ಪ್ರಶ್ನೆ ಎರಡೂ ಒಂದೇ ಜನರ ಕೈಯಲ್ಲಿದ್ದಾಗ ಅವು ಒಂದೇ ಪ್ರಶ್ನೆಯಾಗುತ್ತವೆ. ಅಲ್ಲಿನ ವಿಧಾನಸಭಾ ಕ್ಷೇತ್ರದಲ್ಲಿ ಕಮ್ಯುನಿಸ್ಟರೂ ಗೆದ್ದಿದ್ದಾರೆ, ರಿಪಬ್ಲಿಕನ್ ಪಕ್ಷದವರೂ ಗೆದ್ದಿದ್ದಾರೆ ಎಂಬುದು ಆಕಸ್ಮಿಕವಲ್ಲ. ಗಣಿ 2001ರ ಫೆಬ್ರವರಿ ಕೊನೆಗೆ ಮುಚ್ಚಿತು. ಆ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಗುತ್ತಿಗೆ ಕೆಲಸಕ್ಕೆ ಬಂದರು.

5

ಬೆಂಗಳೂರಿನ ಕತೆ ಬೇರೆ. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್., ಬಿ.ಇ.ಎಂ.ಎಲ್. ಕಾರ್ಖಾನೆಗಳು 1940ರಿಂದ 1964ರ ನಡುವೆ ಒಂದೊಂದಾಗಿ ಬಂದವು. ಮಾರ್ಕ್ ಹೋಮ್‌ಸ್ಟ್ರೋಮ್ ಎಂಬ ಮಾನವಶಾಸ್ತ್ರಜ್ಞ ಬೆಂಗಳೂರಿನ ಕಾರ್ಮಿಕರ ಬಗ್ಗೆ 1976ರಲ್ಲಿ ಬರೆದಾಗ ಇಂಥ ಕೆಲಸವನ್ನು ಕೋಟೆಗೆ ಹೋಲಿಸಿದ. ಒಳಗಿದ್ದವನಿಗೆ ಭದ್ರತೆ, ಹೊರಗಿದ್ದವನಿಗೆ ಗೋಡೆ. ಆಮೇಲೆ ಅವನೇ ಆ ಹೋಲಿಕೆಯನ್ನು ಸ್ವಲ್ಪ ಸಡಿಲ ಮಾಡಿದ. ನಮ್ಮ ದೇವನಹಳ್ಳಿಯವರಿಗೆ ಕೋಟೆ ಎಂದರೆ ಗೊತ್ತು. ಕೋಟೆಗೆ ಒಂದು ಬಾಗಿಲಿರುತ್ತದೆ, ಬಾಗಿಲಲ್ಲಿ ನಿಂತು ನೀನ್ಯಾರ ಮಗ ಎಂದು ಕೇಳುವವನೊಬ್ಬ ಇರುತ್ತಾನೆ.

ಈ ಕೋಟೆಯ ಸಂಘಗಳು ಬಲವಾದ ಸಂಘಗಳು. 1980ರ ಡಿಸೆಂಬರ್ ಕೊನೆಯಿಂದ 77 ದಿನ ನಡೆದ ಸಾರ್ವಜನಿಕ ಕಾರ್ಖಾನೆಗಳ ಮುಷ್ಕರದಲ್ಲಿ ಲಕ್ಷಕ್ಕೂ ಹೆಚ್ಚು ಕಾರ್ಮಿಕರಿದ್ದರು. ಬಿ.ಎಚ್.ಇ.ಎಲ್. ಕಾರ್ಮಿಕರಿಗೆ ಸಮನಾದ ಕೂಲಿ ಬೇಕೆಂಬುದು ಮುಖ್ಯ ಬೇಡಿಕೆ. ಅಂದರೆ ಸಮಾನತೆಯ ಬೇಡಿಕೆಯೇ. ಆದರೆ ಒಂದು ಕೋಟೆಗೂ ಇನ್ನೊಂದು ಕೋಟೆಗೂ ನಡುವಣ ಸಮಾನತೆ. ಅದೇ ಆವರಣಗಳಲ್ಲಿ ಕಸ ಗುಡಿಸುತ್ತಿದ್ದ, ತೋಟಕ್ಕೆ ನೀರು ಹಾಯಿಸುತ್ತಿದ್ದ, ಲಾರಿಗೆ ಮಾಲು ತುಂಬುತ್ತಿದ್ದ ಗುತ್ತಿಗೆಯವರ ಕೂಲಿ ಆ ಮುಷ್ಕರದ ಮುಖ್ಯ ಬೇಡಿಕೆ ಆಗಿರಲಿಲ್ಲ.

ಕೋಟೆಯ ಬಾಗಿಲನ್ನು ದಲಿತರಿಗೆ ತೆರೆದದ್ದು ಮೀಸಲಾತಿ. 1970ರಲ್ಲಿ ಕೇಂದ್ರದ ಮೀಸಲಾತಿ ಪರಿಶಿಷ್ಟ ಜಾತಿಗೆ ಶೇ. 12.5ರಿಂದ 15ಕ್ಕೂ, ಪರಿಶಿಷ್ಟ ಪಂಗಡಕ್ಕೆ ಶೇ. 5ರಿಂದ 7.5ಕ್ಕೂ ಏರಿತು. ನಮ್ಮ ದೊಡ್ಡಪ್ಪ ಹಾಗೆ ಒಂದು ಸಾರ್ವಜನಿಕ ಕಾರ್ಖಾನೆಗೆ ಫಿಟ್ಟರ್ ಆಗಿ ಸೇರಿದವರು. ಸಂಘದ ಚಂದಾ ಒಂದು ದಿನ ತಪ್ಪಿಸಿದವರಲ್ಲ. 77 ದಿನ ಸಂಬಳವಿಲ್ಲದೆ ಊರಿನ ರಾಗಿ ತಿಂದು ನಿಂತವರು. ಅವರೇ ಪರಿಶಿಷ್ಟ ನೌಕರರ ಸಂಘಕ್ಕೂ ಸದಸ್ಯರು. ಯಾಕೆ ದೊಡ್ಡಪ್ಪ ಎರಡೆರಡು ಸಂಘ ಎಂದು ನಾನೊಮ್ಮೆ ಕೇಳಿದ್ದಕ್ಕೆ ಅವರು ಹೇಳಿದ್ದು: "ಸಂಬ್ಳದಲ್ಲಿ ಸಂಘ ನಮ್ಮನ್ನೆಲ್ಲ ಒಂದೇ ಮಾಡ್ತು ಕಣಪ್ಪ, ಸುಳ್ಳು ಹೇಳ್ಬಾರ್ದು. ಪ್ರಮೋಷನ್ ಲಿಸ್ಟು ಬಂದ ದಿವ್ಸ ಮಾತ್ರ ನಾವು ಬೇರೆ ಜಾತಿ ಆಗೋಯ್ತಿದ್ವಿ." ಈ ಎರಡು ಸಂಘಗಳ ನಡುವೆ ಒಂದು ಕಾನೂನಿನ ವ್ಯತ್ಯಾಸವೂ ಇದೆ. ಆಡಳಿತದ ಜೊತೆ ಕೂತು ಚೌಕಾಸಿ ಮಾಡುವ ಅಧಿಕಾರ ಮಾನ್ಯತೆ ಪಡೆದ ಕಾರ್ಮಿಕ ಸಂಘಕ್ಕೆ. ಪರಿಶಿಷ್ಟ ನೌಕರರ ಸಂಘ ಮನವಿ ಕೊಡಬಹುದು, ಅಷ್ಟೇ. ಬೇಡಿಕೆ ಒಂದರ ಕೈಯಲ್ಲಿ, ಮನವಿ ಇನ್ನೊಂದರ ಕೈಯಲ್ಲಿ!

ಇನ್ನು ಬಾಗಿಲಲ್ಲಿ ಕೇಳುವ ಪ್ರಶ್ನೆ. ನೌಕರರ ಮಕ್ಕಳಿಗೇ ಕೆಲಸ ಕೊಡಿ ಎಂಬ ಬೇಡಿಕೆಯನ್ನು ದೇಶದ ಎಷ್ಟೋ ಗಣಿ, ಕಾರ್ಖಾನೆ, ರೈಲ್ವೆಗಳ ಸಂಘಗಳು ಮುಂದಿಟ್ಟಿವೆ. ಇದರ ಹಿಂದಿನ ಆತಂಕ ಸುಳ್ಳಲ್ಲ. ಜೀವ ತೇದವನಿಗೆ ತನ್ನ ಮಗ ಬೀದಿಪಾಲಾಗಬಾರದು ಅನಿಸುವುದು ಸಹಜ. ಆದರೆ ಮೊದಲ ತಲೆಮಾರನ್ನು ಒಳಗೆ ಬಿಟ್ಟದ್ದು ಜಾತಿ, ನೆಂಟಸ್ತಿಕೆ, ಊರಿನ ಪರಿಚಯ ಆಗಿದ್ದರೆ, ಮಗನಿಗೆ ಕೆಲಸ ಎಂಬುದು ಅದೇ ಜಾತಿಯನ್ನು ಇನ್ನೊಂದು ತಲೆಮಾರಿಗೆ ಮುಂದುವರಿಸುತ್ತದೆ. ರೈಲ್ವೆಯಲ್ಲಿ 2004ರಿಂದ ಗ್ಯಾಂಗ್‌ಮನ್‌ಗಳಿಗೂ ಚಾಲಕರಿಗೂ ಇಂಥದೊಂದು ಯೋಜನೆ ಬಂತು: ಅಪ್ಪ ಬೇಗ ನಿವೃತ್ತನಾದರೆ ಮಗನಿಗೆ ಕೆಲಸ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು 2016ರಲ್ಲಿ ಇದು ಸಮಾನಾವಕಾಶಕ್ಕೆ ವಿರುದ್ಧ ಎಂದಿತು, ಯೋಜನೆ ನಿಂತಿತು. ಮನ್ಮಾಡಿನ ಮಾತನ್ನು ನೆನೆದರೆ ಇದರ ವಿಪರ್ಯಾಸ ತಿಳಿಯುತ್ತದೆ. ಗ್ಯಾಂಗ್‌ಮನ್ ಗ್ಯಾಂಗ್‌ಮನ್ ಆಗಿಯೇ ಸಾಯುತ್ತಾನಲ್ಲ ಎಂದು 1938ರಲ್ಲಿ ಅಂಬೇಡ್ಕರ್ ಸಿಟ್ಟಾದರು; 2004ರಲ್ಲಿ ಗ್ಯಾಂಗ್‌ಮನ್ನನ ಮಗನೂ ಗ್ಯಾಂಗ್‌ಮನ್ ಆಗುವುದು ಸವಲತ್ತಾಗಿ ಬಂತು. ತೋಟಿಯ ಮಗ ತೋಟಿ ಎಂಬುದು ಶಾಪ. ಫಿಟ್ಟರನ ಮಗ ಫಿಟ್ಟರ್ ಎಂಬುದು ವರ. ಎರಡನ್ನೂ ಬರೆದದ್ದು ಒಂದೇ ಲೇಖನಿ.

6

ಶಾಪದ ಕಡೆಯಿದ್ದವರು ಸಂಘ ಕಟ್ಟಿದಾಗ ಏನಾಯಿತು? ಇದಕ್ಕೆ ಉತ್ತರ ಬೆಂಗಳೂರಿನ ಪೌರಕಾರ್ಮಿಕರಲ್ಲಿದೆ. ಐ.ಪಿ.ಡಿ. ಸಾಲಪ್ಪ ಸಮಿತಿ 1970ರ ದಶಕದಲ್ಲೇ 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಬೇಕೆಂದು ಹೇಳಿತ್ತು. ನಗರ ಬೆಳೆಯಿತು, ಕಾಯಂ ಹುದ್ದೆ ಬೆಳೆಯಲಿಲ್ಲ, ಗುತ್ತಿಗೆ ಬೆಳೆಯಿತು. ಬೆಳಗಿನ ಜಾವ ಪೊರಕೆ ಹಿಡಿದು ಬರುವವರಲ್ಲಿ ಬಹುಪಾಲು ಹೆಂಗಸರು, ಬಹುಪಾಲು ದಲಿತರು, ಎಷ್ಟೋ ಜನ ತೆಲುಗು ಮಾತಾಡುವ ಮಾದಿಗ ಕುಟುಂಬಗಳವರು. ಗುತ್ತಿಗೆದಾರರು ಯಾರು ಎಂದು ಹೇಳಬೇಕಾಗಿಲ್ಲ.

ಇವರ ಕಾಯಮಾತಿಗೆ ಅಡ್ಡ ಬಂದದ್ದು ಸಮಾನಾವಕಾಶ ಎಂಬ ಮಾತೇ. 2006ರಲ್ಲಿ ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ನೇಮಕಾತಿಯ ಕ್ರಮವನ್ನು ದಾಟಿ ಬಂದ ದಿನಗೂಲಿಯವರನ್ನು ಕಾಯಂ ಮಾಡಿದರೆ ಹೊರಗೆ ಕಾದು ನಿಂತವರ ಸಮಾನಾವಕಾಶಕ್ಕೆ ಧಕ್ಕೆ ಎಂದಿತು. ತರ್ಕಕ್ಕೆ ಸರಿ. ಆದರೆ ಬೀದಿ ಗುಡಿಸುವ ಕೆಲಸಕ್ಕೆ ಹೊರಗೆ ಸಾಲುಗಟ್ಟಿ ನಿಂತು ಅನ್ಯಾಯವಾಯಿತು ಎಂದ ಮೇಲ್ಜಾತಿಯವರು ಯಾರು? ಕೆಳಗಿನ ಕೆಲಸಕ್ಕೆ ಒಂದು ಜಾತಿಗೆ ನೂರಕ್ಕೆ ನೂರು ಅಲಿಖಿತ ಮೀಸಲಾತಿ ಕೊಟ್ಟ ಸಮಾಜವೇ, ಕಾಯಂ ಮಾಡಿ ಎಂದ ಕೂಡಲೇ ಎಲ್ಲರಿಗೂ ಸಮಾನಾವಕಾಶ ಬೇಕಲ್ಲ ಎನ್ನುತ್ತದೆ.

ಎ.ಐ.ಸಿ.ಸಿ.ಟಿ.ಯು. ಜೊತೆಗಿರುವ ಗುತ್ತಿಗೆ ಪೌರಕಾರ್ಮಿಕರ ಸಂಘ ಹಿಡಿದ ದಾರಿಯನ್ನು ಗಮನಿಸಿ. ಮೊದಲು ಕನಿಷ್ಠ ಕೂಲಿ. ಆಮೇಲೆ ಗುತ್ತಿಗೆದಾರನನ್ನು ತೆಗೆದು ಪಾಲಿಕೆಯಿಂದಲೇ ನೇರ ಪಾವತಿ. ಇದು 2018ರ ಹೊತ್ತಿಗೆ ಬಂತು. ಜೊತೆಜೊತೆಗೇ ಕುಡಿಯುವ ನೀರು, ಶೌಚಾಲಯ, ಕೈಗವಸು, ರಜೆ, ಮೇಸ್ತ್ರಿಗಳ ಬೈಗುಳ ಮತ್ತು ಕಿರುಕುಳದ ವಿರುದ್ಧ ದೂರು. ಊರಿನ ಶೌಚಾಲಯ ತೊಳೆಯುವ ಹೆಂಗಸಿಗೆ ಶೌಚಾಲಯವಿಲ್ಲ ಎಂಬುದು ಕೂಲಿಯ ಪ್ರಶ್ನೆಯೋ ಜಾತಿಯ ಪ್ರಶ್ನೆಯೋ ಹೆಂಗಸಿನ ಪ್ರಶ್ನೆಯೋ? ಈ ಸಂಘಕ್ಕೆ ಅದನ್ನು ವಿಂಗಡಿಸುವ ಗರಜೇ ಬೀಳಲಿಲ್ಲ. 2022ರ ಜುಲೈ 1ರಿಂದ ನಾಲ್ಕು ದಿನ ಕಸ ಎತ್ತದೆ ನಿಂತಾಗ ಸರ್ಕಾರ ಕಾಯಂ ಮಾಡುವುದಾಗಿ ಒಪ್ಪಿತು, ವಿಶೇಷ ನೇಮಕಾತಿ ನಿಯಮ ಮಾಡಿತು. 2025ರ ಮೇ ದಿನದಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು.

ಇಲ್ಲಿಗೆ ಮುಗಿಯಿತೆ? ಇಲ್ಲ. ಕೆಲಸ ಕಾಯಂ ಆದ ಹಾಗೆ ಕೆಲಸದ ಜಾತಿಯೂ ಕಾಯಂ ಆಗಬಾರದು. ಸತ್ತ ಪೌರಕಾರ್ಮಿಕನ ಮಗಳಿಗೆ ಅನುಕಂಪದ ಕೆಲಸ ಎಂದರೆ ಪೊರಕೆಯೇ ಯಾಕಾಗಬೇಕು, ಅವಳು ಬಿ.ಕಾಂ. ಓದಿದ್ದರೂ? ವರ ಮತ್ತು ಶಾಪದ ಗೆರೆ ಇಲ್ಲಿ ಮತ್ತೆ ಒಂದಾಗುವ ಅಪಾಯವಿದೆ. ಸಂಘದ ಮುಂದಿನ ಹೋರಾಟ ಇರುವುದು ಅಲ್ಲಿ.

7

ಈಗ ನಮ್ಮ ನಾಲ್ಕು ತಾಲ್ಲೂಕುಗಳು. 2025ರ ಜುಲೈಯಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಂಪುಟ ಸಭೆ ಬೆಂಗಳೂರು ಗ್ರಾಮಾಂತರಕ್ಕೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಗ್ರಾಮ ಎಂಬ ಮಾತು ಜಮೀನಿನ ಬೆಲೆಗೆ ಒಗ್ಗುವುದಿಲ್ಲವಲ್ಲ. ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ, ನೆಲಮಂಗಲದ ದಾಬಸ್‌ಪೇಟೆ, ಹೊಸಕೋಟೆಯ ಪಿಲ್ಲಗುಂಪೆ, ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತಮುತ್ತ, ಎಲ್ಲಿ ನೋಡಿದರೂ ಗೇಟುಗಳು.

ಗೇಟಿನಾಚೆ ಮೊದಲು ಮಗ್ಗಗಳಿದ್ದವು, ಈಗಲೂ ಇವೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗ ಮನೆಯೊಳಗಿನ ಮಗ್ಗ. ಮನೆಯೊಳಗೆ ನಾಲ್ಕು ಮಗ್ಗವಿದ್ದರೆ ಅದು ಕಾರ್ಖಾನೆ ಕಾಯ್ದೆಗೆ ಸಿಗುವುದಿಲ್ಲ, ಸಂಘಕ್ಕೂ ಸುಲಭವಾಗಿ ಸಿಗುವುದಿಲ್ಲ. ಮಾಲೀಕನೂ ಪಕ್ಕದಲ್ಲೇ ಕೂತು ನೇಯುವ ಬಡವ. ಇಂಥ ಕಡೆ ಯಾರನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ ಎಂಬುದೇ ಯಾರಿಗೆ ಕೆಲಸ ಎಂಬುದೂ ಆಗುತ್ತದೆ. ಮನ್ಮಾಡಿನ ಸ್ಟೇಷನ್ ಮಾಸ್ತರರ ಮನೆಯ ಪ್ರಶ್ನೆಯೇ ಇದು.

ಆಮೇಲೆ ಬಂದದ್ದು ಗಾರ್ಮೆಂಟು. ಇಲ್ಲಿ ಹೆಂಗಸರೇ ಹೆಚ್ಚು, ಎಲ್ಲ ಜಾತಿಯ ಹೆಂಗಸರೂ ಒಂದೇ ಲೈನಿನಲ್ಲಿ ಕೂರುತ್ತಾರೆ. ಇದನ್ನು ನಾನು ಸಣ್ಣದು ಎನ್ನುವುದಿಲ್ಲ. ನನ್ನ ವಿದ್ಯಾರ್ಥಿನಿಯರ ತಾಯಂದಿರಲ್ಲಿ ಅನೇಕರು ಗಾರ್ಮೆಂಟಿನವರು. ಬೇರೆ ಜಾತಿಯ ಗೆಳತಿಯ ಡಬ್ಬಿಯಿಂದ ಸಾರು ಹಾಕಿಸಿಕೊಂಡದ್ದು ಜೀವನದಲ್ಲಿ ಮೊದಲು ಅಲ್ಲೇ ಎಂದು ಒಬ್ಬ ತಾಯಿ ನನಗೆ ಹೇಳಿದ್ದಾರೆ. ಭವಿಷ್ಯನಿಧಿ ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಅಡ್ಡಿ ತಂದಾಗ 2016ರ ಏಪ್ರಿಲ್ 18, 19ರಂದು ಬೆಂಗಳೂರಿನ ರಸ್ತೆಗಳಿಗೆ ಇಳಿದವರು ಇವರೇ. 1930ರ ಚಿನ್ನದ ಗಣಿಯ ಹಾಗೆ ಇಲ್ಲೂ ಯಾವ ಸಂಘದ ಕರೆಯೂ ಇರಲಿಲ್ಲ. ಎರಡನೆಯ ದಿನವೇ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಆದರೆ ಲೈನಿನಲ್ಲಿ ಹೆಂಗಸರು, ಲೈನಿನ ಹಿಂದೆ ನಿಂತು ಗದರುವ ಸೂಪರ್‌ವೈಸರ್ ಹೆಚ್ಚಾಗಿ ಗಂಡಸು. ಶೌಚಾಲಯ ತೊಳೆಯಲು ಮಾತ್ರ ಎಲ್ಲ ಜಾತಿಯವರೂ ಬರುವುದಿಲ್ಲ, ಅದಕ್ಕೆ ಬೇರೆಯೇ ಗುತ್ತಿಗೆ. ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್, ಹೆಂಗಸರೇ ಮುಂದಾಳುಗಳಾದ ಗಾರ್ಮೆಂಟ್ ಲೇಬರ್ ಯೂನಿಯನ್ ಮುಂತಾದವು ಕೂಲಿಯ ಜೊತೆ ಬೈಗುಳ, ಕಿರುಕುಳ, ಶಿಶುವಿಹಾರಗಳನ್ನೂ ಬೇಡಿಕೆಯ ಪಟ್ಟಿಗೆ ತಂದಿವೆ. ಗಂಡಸರ ಸಂಘಗಳು ಇವನ್ನು ಬಹಳ ಕಾಲ ಮನೆವಾರ್ತೆ ಎಂದು ಬದಿಗಿಟ್ಟಿದ್ದವು.

ಈಗ ದೇವನಹಳ್ಳಿ, ದೊಡ್ಡಬಳ್ಳಾಪುರದ ಗಡಿಯಲ್ಲಿ ಫೋನ್ ಕಾರ್ಖಾನೆ ಬಂದಿದೆ. ಹೆಣ್ಣುಮಕ್ಕಳಿಗೆ ಕೆಲಸ ಎನ್ನುತ್ತಾರೆ, ಸಂತೋಷ. 2023ರಲ್ಲಿ ರಾಜ್ಯದ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಗಿ ದಿನದ ದುಡಿಮೆಯನ್ನು 12 ಗಂಟೆಯವರೆಗೂ ಎಳೆಯಲು, ಹೆಂಗಸರನ್ನು ರಾತ್ರಿ ಪಾಳಿಗೂ ಹಾಕಲು ದಾರಿಯಾಯಿತು. ಅವಕಾಶ ಸಮವಾಯಿತೋ ಆಯಾಸ ಸಮವಾಯಿತೋ ಎಂದು ಕೇಳಲು ಸಂಘ ಬೇಕು.

ಗೇಟು ಬರುವ ಮೊದಲು ಜಮೀನು ಹೋಗುತ್ತದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗಾಗಿ 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ನಡೆದ ಧರಣಿಯಲ್ಲಿ ರೈತ ಸಂಘಟನೆಗಳು, ದಲಿತ ಸಂಘಟನೆಗಳು, ಕಾರ್ಮಿಕ ಸಂಘಗಳು ಒಟ್ಟಿಗೆ ನಿಂತವು. 2025ರ ಜುಲೈ 15ರಂದು ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಈ ಒಟ್ಟುಗೂಡುವಿಕೆ ಅಪರೂಪದ್ದು. ಆದರೆ ಜಮೀನು ಹೋದ ಕಡೆಯೆಲ್ಲ ಕೇಳಿಬರುವ ಮಾತು 'ಭೂಮಿ ಕೊಟ್ಟವರ ಮನೆಗೊಂದು ಕೆಲಸ'. ಭೂಮಿ ಇದ್ದವನ ಮನೆಗೆ! ಅವನ ಹೊಲದಲ್ಲಿ ಕಳೆ ಕಿತ್ತು ಬದುಕಿದ ದಲಿತ ಹೆಂಗಸಿಗೆ ಪಹಣಿಯಲ್ಲಿ ಹೆಸರಿಲ್ಲ, ಆದ್ದರಿಂದ ಅವಳು ಕಳೆದುಕೊಂಡದ್ದೂ ಏನೂ ಇಲ್ಲ. ಪಟೇಲಿಕೆ, ನೌಕರರ ಮಕ್ಕಳ ಕೋಟಾ, ಪಹಣಿ. ವಂಶ ಎಂಬುದು ಹೊಸ ಹೊಸ ಕಾಗದ ಹಿಡಿದು ಬಾಗಿಲಿಗೆ ಬರುತ್ತಲೇ ಇದೆ. 2024ರ ಜುಲೈಯಲ್ಲಿ ಸ್ಥಳೀಯರಿಗೆ ಖಾಸಗಿ ಕೆಲಸದಲ್ಲಿ ಮೀಸಲು ಕೊಡುವ ಮಸೂದೆ ಸಂಪುಟದಲ್ಲಿ ಒಪ್ಪಿಗೆಯಾಗಿ ಒಂದೆರಡು ದಿನದಲ್ಲೇ ತಡೆಹಿಡಿಯಲ್ಪಟ್ಟಾಗಲೂ ನಾವು ಕೇಳಬೇಕಿದ್ದದ್ದು ಇದನ್ನೇ. ಸ್ಥಳೀಯರಿಗೆ ಕೊಡಿ, ಆದರೆ ಆ ಸ್ಥಳದ ಯಾವ ಬೀದಿಯವರಿಗೆ?

8

ಖಾಸಗಿ ಕಾರ್ಖಾನೆಯ ಗೇಟಿನಲ್ಲಿ ಸಂವಿಧಾನದ 16ನೇ ವಿಧಿ ನಿಂತುಬಿಡುತ್ತದೆ. 1976ರ ಸಮಾನ ವೇತನ ಕಾಯ್ದೆ 2019ರ ವೇತನ ಸಂಹಿತೆಯೊಳಗೆ ಸೇರಿ, ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ನೇಮಕಾತಿಯಲ್ಲಿ ತಾರತಮ್ಯ ಕೂಡದು ಎಂದು ಅದು ಹೇಳುತ್ತದೆ, ಆದರೆ ಲಿಂಗದ ಮಟ್ಟಿಗೆ ಮಾತ್ರ, ಜಾತಿಯ ಮಾತಿಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಉದ್ಯೋಗದಲ್ಲೂ ಅಸ್ಪೃಶ್ಯತೆಯನ್ನು ಅಪರಾಧ ಎನ್ನುತ್ತದೆ. ಆದರೆ 'ವೇಕೆನ್ಸಿ ಇಲ್ಲ' ಎಂದು ನಗುನಗುತ್ತಾ ಹೇಳಿ ಕಳಿಸುವವನ ಮೇಲೆ ಅಸ್ಪೃಶ್ಯತೆಯನ್ನು ಸಾಬೀತು ಮಾಡುವವರು ಯಾರು? ಸಾಮಾಜಿಕ ಮೂಲದ ಕಾರಣಕ್ಕೆ ಉದ್ಯೋಗದಲ್ಲಿ ತಾರತಮ್ಯ ಕೂಡದೆನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 111ನೇ ಒಡಂಬಡಿಕೆಗೆ ಭಾರತ 1960ರಲ್ಲೇ ಒಪ್ಪಿ ಸಹಿ ಹಾಕಿದೆ. ಆ ಸಹಿಯನ್ನು ಬಾಶೆಟ್ಟಿಹಳ್ಳಿಯ ಗೇಟಿನವರೆಗೆ ಹೊತ್ತು ತರಬಲ್ಲ ಕೈ ಇರುವುದು ಸಂಘಕ್ಕೆ ಮಾತ್ರ.

ಹಾಗಾಗಿ ಚಳವಳಿಯ ಗೆಳೆಯರ ಮುಂದೆ ನಾನು ಇಡುವ ಮಾತುಗಳು ಸರಳವಾದವು. ಪ್ರತಿ ಸಂಘವೂ ತನ್ನ ಕಾರ್ಖಾನೆಯಲ್ಲಿ ಯಾವ ಕೆಲಸದಲ್ಲಿ ಯಾವ ಸಮುದಾಯದವರು, ಎಷ್ಟು ಹೆಂಗಸರು ಇದ್ದಾರೆ ಎಂದು ಎಣಿಸಲಿ, ಆಡಳಿತವೂ ಅದನ್ನು ಪ್ರಕಟಿಸಲಿ ಎಂದು ಕೇಳಲಿ. ವೇತನ ಒಪ್ಪಂದದಲ್ಲಿ ಬಡ್ತಿ ಮತ್ತು ನೇಮಕಾತಿಯ ಕಲಮುಗಳಿರಲಿ. ಶೌಚಾಲಯ ತೊಳೆಯುವ ಗುತ್ತಿಗೆಯವಳಿಗೂ ಅದೇ ಸಂಘದ ರಸೀದಿ ಸಿಗಲಿ. ಸಂಘದ ಪದಾಧಿಕಾರಿಗಳ ಪಟ್ಟಿಯನ್ನೂ ಇದೇ ಕಣ್ಣಿನಿಂದ ನೋಡಲಿ. ದಲಿತ ಸಂಘಟನೆಗಳು ಖಾಸಗಿ ಕ್ಷೇತ್ರದ ಮೀಸಲಾತಿಯನ್ನು ಬರೀ ದೆಹಲಿಗೆ ಕೇಳದೆ, ತಮ್ಮ ತಾಲ್ಲೂಕಿನ ಗೇಟಿನ ಮುಂದೆಯೂ ಕೇಳಲಿ.

ನಾನು ಪಾಠ ಮಾಡುವ ತರಗತಿಯಲ್ಲಿ ಅರ್ಧದಷ್ಟು ಹುಡುಗ ಹುಡುಗಿಯರು ಪದವಿ ಮುಗಿದ ಕೂಡಲೇ ಈ ಗೇಟುಗಳ ಮುಂದೆ ನಿಲ್ಲುವವರು. ನಾನೂ ಗುತ್ತಿಗೆಯವನೇ, ವರ್ಷ ವರ್ಷ ನವೀಕರಣಕ್ಕೆ ಕಾಯುವವನೇ, ಆದ್ದರಿಂದ ಅವರಿಗೆ ಧೈರ್ಯ ಹೇಳುವ ಹಕ್ಕು ನನಗೆ ಕಡಿಮೆ. ಚರಿತ್ರೆ ಹೇಳುವ ಹಕ್ಕಿದೆ. ಬೆರಳೊತ್ತಲು ಒಪ್ಪದ ಗಣಿಯವರು, ನಾಲ್ಕು ದಿನ ಪೊರಕೆ ಕೆಳಗಿಟ್ಟ ಹೆಂಗಸರು, ಎರಡು ದಿನ ರಸ್ತೆಯಲ್ಲಿ ನಿಂತ ಗಾರ್ಮೆಂಟಿನ ತಾಯಂದಿರು, ಇವರು ಯಾರೂ ಸಮಾನಾವಕಾಶ ಎಂಬ ಮಾತನ್ನು ಬಳಸಲಿಲ್ಲ. ಆ ಮಾತಿಗೆ ನಮ್ಮ ಕಡೆ ಅರ್ಥ ಬಂದದ್ದು ಅವರಿಂದ. ನೀನ್ಯಾರ ಮಗಳು ಎಂದು ಕೇಳದೆ ನಿನಗೇನು ಕೆಲಸ ಬರುತ್ತೆ ಎಂದು ಗೇಟಿನವನು ಕೇಳುವ ದಿನ ತಾನಾಗಿ ಬರುವುದಿಲ್ಲ, ಹಾಗೆ ಕೇಳುವಂತೆ ಮಾಡಬೇಕು.